ಹೊದಿಕೆಯಿಲ್ಲದ ಸೇತುವೆ

ಹಳ್ಳದ ನಟ್ಟನಡುವೆ ಚಕ್ಕಡಿ ನಿಂತುಬಿಟ್ಟಿತು. ಒಳಗೆ ದಿನ ತುಂಬಿದ ನನ್ನ ತಂಗಿ ಗಂಗವ್ವ. ಅವಳನ್ನು ಎದೆಗೆ ಒರಗಿಸಿಕೊಂಡು ನಮ್ಮ ಅವ್ವ. ಅರ್ಧ ಗಾಲಿ ನೀರಿನಲ್ಲಿ ಮುಳುಗಿತ್ತು.

ಕಳೆದ ವಾರದ ಮಾತಿದು. ಅವಳ ಗಂಡನ ಊರಾದ ಪಾರಿಶ್ವಾಡದಿಂದ ಖಾನಾಪುರ ಸ್ಟೇಷನ್ನಿಗೆ, ಅಲ್ಲಿಂದ ರೈಲಿನಲ್ಲಿ ಬೆಳಗಾವಿಗೆ, ಖಾಸಬಾಗದ ನಮ್ಮ ಮನೆಗೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ? ಏಳನೇ ತಿಂಗಳಲ್ಲೇ ಕರೆಯಲು ಹೊರಟಿದ್ದೆವು. ಆಗ ಇದೇ ಹಳ್ಳ ದಡ ಮೀರಿ ಹರಿಯುತ್ತಿತ್ತು, ಈಚೆಯಿಂದಲೇ ತಿರುಗಿ ಬಂದೆವು. ಎಂಟರಲ್ಲಿ ಬಸುರಿಯನ್ನು ಊರ ಗಡಿ ದಾಟಿಸಬಾರದೆಂದು ಅವ್ವನ ಹಟ. (ಅವ್ವನ ಶಾಸ್ತ್ರದೆದುರು ನನ್ನಂಥ ಪತ್ರಿಕೆಯವರ ಆಟ ನಡೆಯುವುದಿಲ್ಲ.) ಹೀಗಾಗಿ ಒಂಬತ್ತಕ್ಕೆ ಬಂತು.

ಮಜವೆಂದರೆ ಈ ಹಳ್ಳಕ್ಕೆ ಸೇತುವೆ ಇದೆ. ಅಂದರೆ, ಅರ್ಧ ಇದೆ. ಎರಡೂ ದಡದಲ್ಲಿ ಕಲ್ಲಿನ ಗೋಡೆ ಎದ್ದು ನಿಂತಿದೆ, ಮೇಲೆ ಹೊದಿಕೆಯಿಲ್ಲ. ಸರಕಾರದ ಬಜೆಟ್ಟಿನಲ್ಲಿ ಖೋತಾ ಬಿತ್ತು. ಬರುವ ಹಣಕ್ಕಿಂತ ಹೋಗುವ ಹಣ ಹೆಚ್ಚಾಯಿತು, ಇದನ್ನು ಕಟ್ಟಿಸುತ್ತಿದ್ದ ಲೋಕಲ್ ಬೋರ್ಡಿಗೆ ಬರುವ ಗ್ರ್ಯಾಂಟಿಗೆ ಕತ್ತರಿ ಬಿತ್ತು. ಸಾಲ ತೆಗೆದಾದರೂ ಕೆಲಸ ಮುಗಿಸೋಣವೆಂದು ಕೆಲವು ಮೆಂಬರರು ಅಂದರಂತೆ. ಬೇಡವೆಂದು ಪಟ್ಟು ಹಿಡಿದು ಗೆದ್ದವರು ಯಾರು ಗೊತ್ತೇ? ನಮ್ಮ ಬೀಗರು, ಗಂಗವ್ವನ ಮಾವ, ಬಸಲಿಂಗಪ್ಪನವರು. ಅಂದು ಎತ್ತಿನ ಹಗ್ಗ ಹಿಡಿದು ಚಕ್ಕಡಿಯ ಮುಂದೆ ಕುಳಿತವರೂ ಅವರೇ.

ಹಳ್ಳಕ್ಕಿಳಿಯುವವರೆಗೂ ನಮ್ಮಿಬ್ಬರ ವಾದ ನಡೆದೇ ಇತ್ತು.

"ಲಡಾಯಿ ವರ್ಷದಾಗ ಸರಕಾರ ಕೈ ಬಿಟ್ಟು ಖರ್ಚ ಮಾಡ್ತು. ಧೋತರದ ಕಿಮ್ಮತ್ತು ಎಲ್ಲಿಗಿ ಹೋತು, ನೀವ ನೋಡೀರಿ. ಖೋತಾ ಅಂದ್ರ ಸುಮ್ನ ಅಲ್ರಿ," ಎಂದರು ಬೀಗರು. "ಇವತ್ತ ಸಾಲ ಮಾಡಿ ಪೂಲ್ ಕಟ್ಟಿದ್ರ ನಾಳೆ ತೀರಸವ್ರು ಯಾರು? ಇನ್ನೂ ಹುಟ್ಟದ ಮಕ್ಕಳ ತಲಿ ಮ್ಯಾಲ ಭಾರ ಹೊರಸೂದು ನನಗ ಖರೇನ ಪಾಪ ಅನಸ್ತದ."

ಮಾತು ಸುಳ್ಳೇ? ಅಲ್ಲ. ಆ ತುಟ್ಟಿಯ ದಿನಗಳಲ್ಲಿ ಖಾಸಬಾಗದಲ್ಲಿ ಎಷ್ಟು ಮಗ್ಗಗಳು ನೂಲಿಲ್ಲದೆ ನಿಂತವೆಂದು ನಾನೂ ಬಲ್ಲೆ. ಆದರೆ ಮದ್ದುಗುಂಡಿಗೆ ಮಾಡಿದ ಸಾಲವನ್ನೂ ಸೇತುವೆಗೆ ಮಾಡಿದ ಸಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ? ಒಂದು ಹೊಗೆಯಾಗಿ ಹೋಗುತ್ತದೆ, ಇನ್ನೊಂದರ ಮೇಲೆ ಮೊಮ್ಮಕ್ಕಳೂ ಚಕ್ಕಡಿ ಹೊಡೆಯುತ್ತಾರೆ. ಸೇತುವೆ ಇಲ್ಲವೆಂದು ಮಳೆಗಾಲದಲ್ಲಿ ಪಾರಿಶ್ವಾಡದ ಮಾಲು ಖಾನಾಪುರದ ಸಂತೆ ಮುಟ್ಟುವುದಿಲ್ಲ. ಸಂತೆ ಸೊರಗಿದರೆ ಬೋರ್ಡಿನ ಆದಾಯವೂ ಸೊರಗುತ್ತದೆ. ಖೋತಾ ಮುಚ್ಚಲು ಹೋಗಿ ಖೋತಾ ಹೆಚ್ಚಿಸಿಕೊಂಡಂತಾಗಲಿಲ್ಲವೇ?

ಇದನ್ನು ಹೇಳಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಬಲಗಾಲಿ ರಾಡಿಯಲ್ಲಿ ಕುಸಿಯಿತು.

ಎತ್ತುಗಳು ಜಗ್ಗಿದವು. ಗಾಲಿ ಅಲುಗಲಿಲ್ಲ. ಗುಡ್ಡದ ಕಡೆ ಮೋಡ ಕಪ್ಪಗಾಗುತ್ತಿತ್ತು. ಅಲ್ಲಿ ಮಳೆ ಬಿದ್ದರೆ ಈ ಹಳ್ಳ ಏರಲು ಹೆಚ್ಚು ಹೊತ್ತು ಬೇಕಿಲ್ಲ. ಗಂಗವ್ವ ತುಟಿ ಕಚ್ಚಿ ಅವ್ವನ ಕೈ ಹಿಡಿದಳು.

"ಯವ್ವಾ, ಬ್ಯಾನಿ ಸುರು ಆದ್ವು."

ಬೀಗರು ಹಗ್ಗವನ್ನು ಅವ್ವನ ಕೈಗೆ ಕೊಟ್ಟು ನೀರಿಗೆ ಧುಮುಕಿದರು. ಅವರ ರುಮಾಲು ಬಿದ್ದು ತೇಲಿಹೋಯಿತು, ತಿರುಗಿಯೂ ನೋಡಲಿಲ್ಲ. ನಾನೂ ಇಳಿದೆ. ಇಬ್ಬರೂ ಗಾಲಿಗೆ ಹೆಗಲು ಕೊಟ್ಟೆವು. ತೊಡೆಯವರೆಗೆ ಇದ್ದ ನೀರು ಸೊಂಟಕ್ಕೆ ಬಂತು.

"ದಬ್ರಿ ಬೀಗರ, ನಿಲ್ಲಬ್ಯಾಡ್ರಿ," ಎಂದೆ.

"ನನ್ನ ಸೊಸಿ... ನನ್ನ ಮೊಮ್ಮಗ..." ಎನ್ನುತ್ತಿದ್ದರು.

ನನ್ನ ಕಣ್ಣೆದುರಿಗೇ ಆ ಕಲ್ಲಿನ ಗೋಡೆ. ಅದರ ಬುಡದ ಮಣ್ಣನ್ನು ನೀರು ಕೊರೆಯುತ್ತಿತ್ತು. ಹೀಗೇ ಬಿಟ್ಟರೆ ಅದೂ ಬೀಳುತ್ತದೆ, ಆಗಲೇ ಸುರಿದ ಹಣವೂ ಹಳ್ಳದ ಪಾಲು. ಇದು ಯಾವ ಸೀಮೆಯ ಉಳಿತಾಯ? ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ದಬ್ಬಿದೆನೋ ಏನೋ, ಗಾಲಿ ಮೇಲೆದ್ದಿತು.

ಸ್ಟೇಷನ್ನು ಮಾತ್ರ ಮುಟ್ಟಲಿಲ್ಲ. ಆಚೆ ದಡದ ಹೊಲದಲ್ಲಿ ಒಂದು ಗುಡಿಸಲು. ಅಲ್ಲಿದ್ದ ಮರಾಠಿ ಅಜ್ಜಿ "ಘಾಬರೂ ನಕೋ ಬಾಯಿ" ಎಂದು ಧೈರ್ಯ ಹೇಳುತ್ತ ಗಂಗವ್ವನನ್ನು ಒಳಗೆ ಕರೆದುಕೊಂಡಳು. ಅವ್ವನೂ ಒಳಗೆ ಹೋದಳು. ನಾವಿಬ್ಬರು ಒದ್ದೆ ಧೋತರದಲ್ಲಿ ಹೊರಗೆ ಕುಳಿತೆವು. ನರಳಾಟ ಕೇಳಿದಾಗಲೆಲ್ಲ ಬೀಗರು ಎದ್ದು ನಿಲ್ಲುತ್ತಿದ್ದರು, ಮತ್ತೆ ಕೂರುತ್ತಿದ್ದರು. ಮಗುವಿನ ಅಳು ಕೇಳಿದಾಗ ಮಳೆ ಧೋ ಎಂದು ಸುರಿಯುತ್ತಿತ್ತು, ಹಳ್ಳ ದಡ ಮೀರಿತ್ತು. ಇನ್ನೊಂದಿಷ್ಟು ತಡವಾಗಿದ್ದರೆ?

ಹೆಣ್ಣುಮಗು. ಇಬ್ಬರೂ ಕ್ಷೇಮ. ಬೀಗರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು. ಮೆಲ್ಲಗೆ ಅಂದರು:

"ಆದರೂ ಸಾಲ ಅಂದ್ರ ಸಾಲನ ನೋಡ್ರಿ. ಮುಂದಿನ ಮೀಟಿಂಗಿನ್ಯಾಗ ವಿಚಾರ ಮಾಡೂಣು."

ಮಾಡಿರಿ ಬೀಗರೇ, ಅವಶ್ಯ ಮಾಡಿರಿ. ಇನ್ನೂ ಹುಟ್ಟದ ಮಕ್ಕಳ ತಲೆಯ ಮೇಲೆ ಸಾಲ ಹೊರಿಸಬಾರದು, ಒಪ್ಪಿದೆ. ಆದರೆ ಅವು ಹುಟ್ಟಿ ಬರಲು ದಾರಿಯಾದರೂ ಬೇಡವೇ?