ಅತ್ತೆ ನೆಟ್ಟ ಸಾಲು

ನಮ್ಮತ್ತೆಯನ್ನು ಊರೇ ಸಾಕಿತು ಎಂದು ಹೇಳಿಕೊಳ್ಳುವವರಿಗೆ ಈಗ ಬರವಿಲ್ಲ. ಕೆರಗೋಡಿನ ಕಡೆಯ ನಮ್ಮ ಹಳ್ಳಿಗೆ ಹೋದರೆ ಜಗಲಿಗೊಬ್ಬರು ಎದ್ದು ಬಂದು, 'ಎಲ್ಲಾರೂ ಸೇರಿ ಸಾಕುದ್ವಿ ಕಣಪ್ಪ' ಎನ್ನುತ್ತಾರೆ. ಆ ಸಾಕಣೆ ಎಂಥದೆಂದು ನಾನು ಬಲ್ಲೆ: ಹಬ್ಬಕ್ಕೊಂದು ಒಬ್ಬಟ್ಟು, ಯಾರಾದರೂ ಉಟ್ಟು ಬಿಟ್ಟ ಸೀರೆ.

ಅತ್ತೆ ನಮ್ಮಪ್ಪನ ತಂಗಿ. ಮೂವತ್ತು ದಾಟಿದ ಹೆಂಗಸು, ಬುದ್ಧಿ ಮಾತ್ರ ಐದಾರು ವರ್ಷದ ಮಗುವಿನದು. ಮಾತು ತೊದಲು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ, ಅತ್ತೆ, ನಾನು. ನಾಲೆ ನೀರು ಬಂದು ನಮ್ಮ ಹೊಲ ಗದ್ದೆಯಾದಾಗ ಅಮ್ಮ ಅವಳಿಗೆ ನಾಟಿ ಕಲಿಸಿದಳು. ಬಹಳ ದಿನ ಹಿಡಿಯಿತು, ಆದರೆ ಕಲಿತಳು. ಅವಳಿಗೆ ಬರುತ್ತಿದ್ದ ಎಣಿಕೆ 'ಒಂದು' ಅಷ್ಟೇ. ಪ್ರತಿ ಪೈರು ಊರುವಾಗಲೂ 'ಒಂದು' ಎನ್ನುವಳು. ಎಲ್ಲರಿಗಿಂತ ನಿಧಾನ, ಎಲ್ಲರಿಗಿಂತ ಒತ್ತು. ಅವಳು ನೆಟ್ಟ ಸಾಲು ದೂರದಿಂದಲೇ ಗುರುತು ಸಿಗುತ್ತಿತ್ತು.

ನಾಟಿಗೆ ನಮ್ಮಲ್ಲಿ ಮುಯ್ಯಾಳಿನ ಪದ್ಧತಿ. ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಎಷ್ಟು ಜನ ಬಂದರೋ, ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಅಷ್ಟೇ ಜನ. ಎರಡನೇ ಮಹಾಯುದ್ಧದ ಕಾಲದ ಒಂದು ಮಳೆಗಾಲ ಅಮ್ಮ ಮೊದಲ ಸಲ ಅತ್ತೆಯನ್ನೂ ಮುಯ್ಯಿಗೆ ಕರೆದುಕೊಂಡು ನಮ್ಮ ಬೀದಿಯ ಯಜಮಾನರ ಗದ್ದೆಗೆ ಹೋದಳು. ಇಬ್ಬರೂ ಬೆಳಗಿನಿಂದ ಬೈಗಿನವರೆಗೆ ಬಗ್ಗಿ ನೆಟ್ಟರು.

ನಮ್ಮ ಸರದಿಯ ದಿನ ಯಜಮಾನರ ಮನೆಯಿಂದ ಬಂದದ್ದು ಒಬ್ಬಳೇ ಸೊಸೆ.

ನಾನಾಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದ ಮೊದಲ ಕೈ ನನ್ನದು; ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಾಟಿಗೆಂದೇ ಕಾಲೇಜು ತಪ್ಪಿಸಿ ಬಂದಿದ್ದೆ. ಕೆಸರುಗಾಲಲ್ಲೇ ಯಜಮಾನರ ಜಗಲಿಗೆ ಹೋಗಿ ಇನ್ನೊಂದು ಆಳೆಲ್ಲಿ ಎಂದು ಕೇಳಿದೆ. ಅವರು ವೀಳ್ಯದೆಲೆಗೆ ಸುಣ್ಣ ಸವರುತ್ತ ನಕ್ಕರು.

'ಓದ್ದೋನು ಕಣ್ಲಾ ನೀನು, ಅಷ್ಟೂ ತಿಳಿಯಾಕಿಲ್ವಾ? ಅದು ದ್ಯಾವ್ರ ಕೂಸು. ಅಬ್ಬದಲ್ಲಿ ಮೊದಲ್ನೇ ಎಲೆ ಯಾರ್ಗಾಕ್ತೀವಿ ಯೋಳು?'

'ಎಲೆ ಯಾರ್ ಕೇಳುದ್ರು ದೊಡ್ಡಪ್ಪ? ಆಳು ಕಳ್ಸಿ.'

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: 'ಅದ್ನೂ ಆಳು ಅಂತಾರಾ? ಅತ್ಗೆ ಸೆರಗಿಡ್ಕಂಡು ಬಂತು, ಕೆಸ್ರಲ್ಲಿ ಆಡ್ಕಂಡು ಓಯ್ತು.'

ದೇವರ ಕೂಸಂತೆ! ದೇವರ ಕೂಸಿನ ದುಡಿಮೆ ಪುಕ್ಕಟೆ ಎಂದು ಯಾವ ಶಾಸ್ತ್ರ ಹೇಳುತ್ತದೋ, ನನ್ನ ಬಿ.ಎ.ಯಲ್ಲಂತೂ ಅದು ಇರಲಿಲ್ಲ. ಯಜಮಾನರ ಮನೆಯವರೇ ಅತ್ತೆಯನ್ನು ಆಳೆಂದು ಒಪ್ಪದಿದ್ದರೆ ಇನ್ಯಾವ ಮನೆಯೂ ಅವಳನ್ನು ಸಾಲಿಗೆ ಸೇರಿಸುವುದಿಲ್ಲ. ಅಮ್ಮನ ಕಾಲ ಮುಗಿದ ಮೇಲೆ ಅವಳು ಕಂಡವರ ಬಾಗಿಲಲ್ಲಿ ಒಬ್ಬಟ್ಟಿಗೆ ಕಾಯಬೇಕು. ಇದು ನನಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು.

ನಾನು ಹೇಳಿದ್ದನ್ನು ಕೇಳಿ ಅಮ್ಮ ಕೈಯಲ್ಲಿದ್ದ ಪೈರಿನ ಕಟ್ಟು ಕೆಳಗಿಟ್ಟಳು. ಅತ್ತೆಯ ಕೈ ಹಿಡಿದು ನೇರ ಯಜಮಾನರ ಗದ್ದೆಗಿಳಿದಳು. ಬದುವಿನ ಪಕ್ಕದ ಒತ್ತು ಸಾಲನ್ನು ತೋರಿಸಿ, 'ನೀನು ನೆಟ್ಟಿದ್ದು ಇದೇ ತಾನೆ? ಕೀಳವ್ವ' ಎಂದು ತಾನೇ ಮೊದಲ ಹಿಡಿ ಕಿತ್ತಳು. ನೆಟ್ಟ ಪೈರು ಕೀಳುವುದೆಂದರೆ ನಮ್ಮಲ್ಲಿ ಉಣ್ಣುವ ಎಲೆಯನ್ನು ಒದ್ದಂತೆ. ಅತ್ತೆ ಹೋ ಎಂದು ಅತ್ತಳು. ಅಮ್ಮನ ಕೈಯಿಂದ ಪೈರು ಕಸಿದು ಮತ್ತೆ ಅಲ್ಲೇ ಊರಿದಳು. 'ಒಂದು!'

ಯಜಮಾನರ ಹೆಂಡತಿ ಓಡಿ ಬಂದಳು. 'ಅಯ್ಯೋ, ನಿನ್ ಕೈ ಸೇದೋಗ! ಪೈರು ಕೀಳ್ತಿದ್ದೀಯಲ್ಲಮ್ಮಿ!'

'ಯಾವ್ ಪೈರಕ್ಕ?' ಅಮ್ಮ ತಲೆ ಎತ್ತಲಿಲ್ಲ. 'ಆಳೇ ಬಂದಿರ್ನಿಲ್ಲ ಅಂದ್ಮೇಲೆ ನೆಟ್ಟೋರ್ಯಾರು? ಕಳೆ ಇರ್ಬೇಕು, ಕಿತ್ತಾಕ್ತೀನಿ.'

ಬದುವಿನ ಮೇಲೆ ನೆರೆದವರು ಕಿಸಕ್ಕನೆ ನಕ್ಕರು. ಅವರಿಗೆ ನ್ಯಾಯದ ಚಿಂತೆಯೇನೂ ಇರಲಿಲ್ಲ, ತಮಾಷೆ ಸಿಕ್ಕಿತ್ತು. ಆದರೆ ಯಜಮಾನರ ಹೆಂಡತಿಗೆ ಆ ನಗು ಸಹಿಸಲಾಗಲಿಲ್ಲ. 'ಬುಡಮ್ಮಿ, ಬುಡು, ಕಳುಸ್ತೀನಿ' ಎಂದಳು ಆಕೆ.

ಕಳಿಸಲು ಆಳಿರಲಿಲ್ಲ, ಇನ್ನೊಬ್ಬ ಸೊಸೆ ತವರಿಗೆ ಹೋಗಿದ್ದಳು. ಮಧ್ಯಾಹ್ನ ಆಕೆಯೇ ಸೀರೆ ಎತ್ತಿ ಕಟ್ಟಿ, ಹುಳಿ ಮಜ್ಜಿಗೆ ಕುಡಿದವಳ ಮುಖದಲ್ಲಿ ನಮ್ಮ ಗದ್ದೆಗಿಳಿದಳು. ಅಮ್ಮ ಬೇಕೆಂದೇ ಆಕೆಯನ್ನು ಅತ್ತೆಯ ಪಕ್ಕ ನಿಲ್ಲಿಸಿದಳು. ಅತ್ತೆಗೆ ಬೆಳಗಿನದೆಲ್ಲ ಮರೆತುಹೋಗಿತ್ತು. ಒಂದು ಪೈರು ಚಾಚಿ, 'ಒಂದು' ಎಂದಳು. ಆಕೆ ತೆಗೆದುಕೊಂಡು ನೆಟ್ಟಳು.

ಮರುವರ್ಷ ಮುಯ್ಯಿಗೆ ಕರೆಯಲು ಬಂದವರು ಬಾಗಿಲಲ್ಲಿ ನಿಂತು, 'ಇಬ್ರೂ ಬತ್ತೀರಾ?' ಎಂದು ಕೇಳಿದರು. ಊರು ಅತ್ತೆಗೆ ಕೊಟ್ಟದ್ದು ಆ ಮಾತೊಂದೇ. ಅದನ್ನೂ ಅಮ್ಮ ಪೈರು ಕಿತ್ತು ಕೊಡಿಸಿದ್ದು. ನನ್ನ ಮುಂದೆ ಒಬ್ಬಟ್ಟಿನ ಲೆಕ್ಕ ಹೇಳಲು ಬರುವವರು ಇದನ್ನೂ ಕೇಳಿಸಿಕೊಂಡು ಹೋಗಲಿ.