ಹೆಜ್ಜಾರ್ಲೆಯ ಎದೆಯ ಕೆಂಪು

ಜಯನಗರದ ಕಾನ್ವೆಂಟ್ ಶಾಲೆಗೆ ಕನ್ನಡ ಟೀಚರಾಗಿ ಸೇರಿದ ಮೊದಲ ವಾರವೇ ನಾನು ಗೇಟಿನ ಮೇಲಿದ್ದ ಹಕ್ಕಿಯನ್ನು ಹಂಸ ಅಂತ ತೀರ್ಮಾನಿಸಿಬಿಟ್ಟೆ. ಶಾಲೆ ಅಂದಮೇಲೆ ಸರಸ್ವತಿ, ಸರಸ್ವತಿ ಅಂದಮೇಲೆ ಹಂಸ. ಇದರಲ್ಲಿ ಯೋಚಿಸುವುದೇನಿದೆ? ಐದನೇ ಕ್ಲಾಸಿನ ಮಕ್ಕಳಿಗೆ ಹಾಲನ್ನೂ ನೀರನ್ನೂ ಬೇರೆ ಮಾಡುವ ಕಥೆಯನ್ನು ರಾಗವಾಗಿ ಹೇಳಿದ್ದೂ ಆಯಿತು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಹಿರಿಯ ಸಿಸ್ಟರ್, ಬೆಲ್ ಹೊಡೆದ ಮೇಲೆ ನನ್ನನ್ನು ಗೇಟಿನ ಹತ್ತಿರ ಕರೆದುಕೊಂಡು ಹೋದರು.

"ಟೀಚರ್, ಇದು ನಮ್ಮ ಕನ್ಯಾಸ್ತ್ರೀಯರ ಸಭೆಯ ಲಾಂಛನ. ಹಂಸ ಅಲ್ಲ, ಹೆಜ್ಜಾರ್ಲೆ, ಪೆಲಿಕನ್. ನಿಮ್ಮ ಹಂಸ ಹಾಲು, ನೀರು ಬೇರೆ ಮಾಡುತ್ತೆ. ಇದಕ್ಕೆ ಬೇರೆ ಮಾಡೋದು ಗೊತ್ತಿಲ್ಲ. ಮರಿಗಳಿಗೆ ಏನೂ ಸಿಗದಿದ್ದಾಗ ತನ್ನ ಎದೇನೇ ಕುಕ್ಕಿ ರಕ್ತ ಕುಡಿಸುತ್ತೆ. ಯೇಸುಸ್ವಾಮಿ ನಮಗೆ ಮಾಡಿದ್ದೂ ಅದೇ. ನಮ್ಮ ಪೂಜೇಲಿ ಅವರ ದೇಹ ಅಂತ ರೊಟ್ಟಿ ಕೊಡೋದೂ ಅದಕ್ಕೇ."

ತಲೆಯೆತ್ತಿ ನೋಡಿದೆ. ಹೌದು, ಹಕ್ಕಿ ಕತ್ತು ಬಗ್ಗಿಸಿತ್ತು. ಎದೆಯ ಮೇಲೆ ಕೆಂಪು ಹನಿಗಳು, ಕೆಳಗೆ ಬಾಯಿ ತೆರೆದ ಮೂರು ಮರಿಗಳು. ನಾನು ಆ ಕೆಂಪನ್ನು ಗುಲಾಬಿ ಹೂವಿನ ಎಸಳು ಅಂದುಕೊಂಡಿದ್ದೆ.

ಸುಮ್ಮನಿರುವ ಬಾಯಿ ನನ್ನದಲ್ಲ. "ಹೆಜ್ಜಾರ್ಲೆ ಮರಿಗಳಿಗೆ ಮೀನು ತಿನ್ನಿಸುತ್ತೆ ಅಂತ ಓದಿದ್ದೀನಲ್ಲ, ಸಿಸ್ಟರ್?" ಎಂದೆ.

"ಗೊತ್ತು," ಎಂದರು. "ಹಕ್ಕಿ ಮಾಡದಿದ್ರೆ ಬೇಡ. ನಾವು ಮಾಡ್ಬೇಕು."

ಮಾಡುತ್ತಲೂ ಇದ್ದರು. ಊಟದ ಹೊತ್ತಿಗೆ ಸ್ಟೀಲ್ ಡಬ್ಬಿ ಹಿಡಿದು ಮಕ್ಕಳ ನಡುವೆ ತಿರುಗಾಡುವರು. ಡಬ್ಬಿ ತರದ ಮಗುವಿನ ಪಕ್ಕ ಕೂತು, "ನನಗ್ಯಾಕೋ ಹಸಿವೇ ಇಲ್ಲ ಪುಟ್ಟಾ" ಎಂದು ತಮ್ಮ ಚಪಾತಿಯನ್ನು ಅತ್ತ ಸರಿಸುವರು. ಸುಳ್ಳು ಹೇಳಬಾರದು ಅಂತ ಅವರ ದೇವರ ಆಜ್ಞೆಗಳಲ್ಲೇ ಇದೆಯಂತೆ. ಸಿಸ್ಟರ್ ಮಾತ್ರ ದಿನಕ್ಕೊಂದು ಸುಳ್ಳನ್ನು ನಿಯಮದಂತೆ ಹೇಳುತ್ತಿದ್ದರು.

ಹಾಗಂತ ಅವರು ಬಹಳ ಮೆತ್ತಗಿನ ಜೀವ ಅಂದುಕೊಳ್ಳಬೇಡಿ. ಶಾಲೆಯ ವ್ಯಾನ್ ಡ್ರೈವರ್ ಕುಮಾರಸ್ವಾಮಿ ಲೇಔಟಿನವನು. ಪ್ರತಿ ವರ್ಷ ಆಯುಧಪೂಜೆ ಮಾಡಿ, ಬಾಳೆಕಂದು ಕಟ್ಟಿ, ಗಂಧ ಕುಂಕುಮ ಮೆತ್ತಿದ ವ್ಯಾನನ್ನು ಗೇಟಿಗೆ ತರುತ್ತಿದ್ದ. ಸಿಸ್ಟರ್ ಗೇಟಿನಲ್ಲೇ ಕೈಕಟ್ಟಿ ನಿಲ್ಲುತ್ತಿದ್ದರು. ಬಾನೆಟ್ಟಿನ ಮೇಲೆ ಅದೇ ಹಕ್ಕಿಯ ಚಿತ್ರವಿತ್ತಲ್ಲ! "ಒರೆಸಿ ಒಳಗೆ ಬನ್ನಿ" ಎನ್ನುವರು. ಅವನು ಗೊಣಗುತ್ತಾ ಒರೆಸುವನು, ಮರುವರ್ಷ ಮತ್ತೆ ಮೆತ್ತಿಕೊಂಡು ಬರುವನು. ಇಬ್ಬರದೂ ಒಂದೇ ಹಟ. ಕಾಸಿನಗಲ ಕುಂಕುಮ ಇಟ್ಟುಕೊಂಡು ಪಕ್ಕದಲ್ಲಿ ನಿಂತ ನನಗೆ ಮಾತ್ರ ಸಿಸ್ಟರ್ ಒಂದು ದಿನವೂ ಏನೂ ಅನ್ನಲಿಲ್ಲ.

ಹೋದ ವರ್ಷ ಹೊಸ ಪ್ರಿನ್ಸಿಪಾಲ್ ಬಂದರು. ಅವರೂ ಅದೇ ಸಭೆಯ ಕನ್ಯಾಸ್ತ್ರೀ, ವಯಸ್ಸು ಚಿಕ್ಕದು, ಲ್ಯಾಪ್‌ಟಾಪ್ ದೊಡ್ಡದು. ಪೋಷಕರ ಮೀಟಿಂಗಿನಲ್ಲಿ ಜೆ.ಪಿ. ನಗರದ ಒಬ್ಬ ತಂದೆ ಎದ್ದು, "ಮಕ್ಕಳ ಸ್ಕೂಲಲ್ಲಿ ರಕ್ತ ಯಾಕೆ ಮೇಡಂ? ತುಂಬಾ ನೆಗೆಟಿವ್ ಅನ್ಸುತ್ತೆ" ಎಂದರು. ಡಿಸೈನರ್ ಬಂದ. ಹಕ್ಕಿಯ ಕತ್ತು ನೆಟ್ಟಗಾಯಿತು, ರಕ್ತ ಮಾಯವಾಯಿತು, ಕೊಕ್ಕಿನ ತುದಿಯಲ್ಲೊಂದು ನಗು ಮೂಡಿತು. ಮರಿಗಳು ಮಾತ್ರ ಹಾಗೇ ಬಾಯಿ ತೆರೆದುಕೊಂಡು ಉಳಿದವು. ಯಾತಕ್ಕೆ ಅಂತ ಯಾರೂ ಕೇಳಲಿಲ್ಲ. ಬೀದಿಯವರು ನಮ್ಮದನ್ನು ಬಾತುಕೋಳಿ ಸ್ಕೂಲ್ ಎನ್ನತೊಡಗಿದರು. ಹೊಸ ಲಾಂಛನದ ಅರ್ಥವನ್ನು ಕನ್ನಡದಲ್ಲಿ ಬರೆಯುವ ಭಾಗ್ಯ ನನ್ನದಾಯಿತು. "ತ್ಯಾಗದ ಸಂಕೇತ" ಎಂದು ಬರೆದು, ನಗುತ್ತಿರುವ ಬಾತುಕೋಳಿ ಏನನ್ನು ತ್ಯಾಗ ಮಾಡಿತು ಎಂದು ತಿಳಿಯದೆ ಅಲ್ಲಿಗೇ ಪೂರ್ಣವಿರಾಮ ಹಾಕಿದೆ.

ಅದೇ ಹೊತ್ತಿಗೆ ಹಿರಿಯ ಸಿಸ್ಟರಿಗೆ ಬೊಮ್ಮನಹಳ್ಳಿಯ ಆಚೆ, ವಯಸ್ಸಾದ ಸಿಸ್ಟರುಗಳ ಮನೆಗೆ ಹೋಗಲು ಆದೇಶ ಬಂತು. ಅದಕ್ಕೆ ತಕರಾರಿಲ್ಲ. ಅವರು ಕೇಳಿದ್ದು ಒಂದೇ. "ಹಕ್ಕಿ ಎದೆ ಮೇಲೆ ಒಂದು ಹನಿ ಆದ್ರೂ ಇರಲಿ. ಅದೂ ಇಲ್ಲ ಅಂದ್ರೆ ಇಷ್ಟು ವರ್ಷ ಈ ಮಕ್ಕಳಿಗೆ ನಾನು ಹೇಳಿದ್ದೇನು?"

"ಬ್ರ್ಯಾಂಡಿಂಗ್ ಫೈನಲ್ ಆಗಿದೆ ಸಿಸ್ಟರ್," ಎಂದರು ಪ್ರಿನ್ಸಿಪಾಲ್.

ವಿಧೇಯತೆ ಹಿರಿಯ ಸಿಸ್ಟರ್ ತೊಟ್ಟ ವ್ರತ. ನನಗೆ ಅಂಥ ವ್ರತವಿಲ್ಲ, ಸ್ಟಾಫ್ ರೂಮಿನಲ್ಲಿ ಕೂಗಾಡಿದೆ. ಪಿ.ಟಿ. ಮೇಷ್ಟ್ರು ಎದ್ದು ಬಾಗಿಲು ಹಾಕಿದರು.

ಸಿಸ್ಟರ್ ಹೊರಟಿದ್ದು ದಸರಾ ರಜೆಯಲ್ಲಿ, ವಿಜಯದಶಮಿಯ ಬೆಳಿಗ್ಗೆ. ಬನಶಂಕರಿಯಿಂದ ಬಸ್ಸು ಹಿಡಿದು ಬಂದೆ. ಅವರು ಒಂದು ಸೂಟ್‌ಕೇಸ್ ಇಟ್ಟುಕೊಂಡು ಗೇಟಿನಲ್ಲಿ ನಿಂತಿದ್ದರು, ಪಕ್ಕದಲ್ಲಿ ಪ್ರಿನ್ಸಿಪಾಲ್. ಚೆಂಡುಹೂವಿನ ಹಾರ ಹೊತ್ತ ವ್ಯಾನ್ ಬಂತು. ಬಾನೆಟ್ಟಿನ ಮೇಲೆ ಹೊಸ ಹಕ್ಕಿ. ಅದರ ಬಿಳಿ ಎದೆಯ ನಡುವೆ ದೊಡ್ಡ ಕುಂಕುಮ. ಗಂಧದ ನೀರಲ್ಲಿ ಕಲಸಿದ್ದು ಇಳಿದು, ನಡುವಿನ ಮರಿಯ ಬಾಯಿಯವರೆಗೂ ಹರಿದಿತ್ತು.

ಪ್ರಿನ್ಸಿಪಾಲ್ ಒದ್ದೆ ಬಟ್ಟೆ ತರಿಸಿದರು. ಡ್ರೈವರ್ ನಾಲಿಗೆ ಕಚ್ಚಿಕೊಂಡ. "ಸಾರಿ ಮೇಡಂ. ಹಣೆಗಿಡೋಣ ಅಂದ್ರೆ ಈ ಹಕ್ಕಿಗೆ ಹಣೇನೇ ಇಲ್ಲ. ಅದಕ್ಕೆ ಎದೆಗಿಟ್ಟೆ. ಈಗ್ಲೇ ಒರೆಸ್ತೀನಿ." ಬಟ್ಟೆ ಹಿಡಿದು, ಅಭ್ಯಾಸಬಲದಿಂದ ಹಿರಿಯ ಸಿಸ್ಟರ್ ಮುಖ ನೋಡಿದ.

ಸಿಸ್ಟರ್ ಬಾನೆಟ್ಟಿನತ್ತ ಬಗ್ಗಿ ನೋಡಿದರು. "ಬಿಡಿ, ಇರಲಿ," ಎಂದರು.

"ಪ್ರತಿ ವರ್ಷ ಒರೆಸಿ ಅಂತಿದ್ದಿದ್ದು ನೀವೇ ಅಲ್ವಾ ಸಿಸ್ಟರ್?" ಪ್ರಿನ್ಸಿಪಾಲರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಆಗೆಲ್ಲ ಹಕ್ಕಿಗೆ ಅದರದ್ದೇ ರಕ್ತ ಇತ್ತು," ಎಂದು ಸಿಸ್ಟರ್ ವ್ಯಾನ್ ಹತ್ತಿ ಮುಂದಿನ ಸೀಟಿನಲ್ಲಿ ಕೂತರು.

ನನಗೆ ಅಳು ತಡೆಯಲಾಗಲಿಲ್ಲ. ಡ್ರೈವರ್ ಒದ್ದೆ ಬಟ್ಟೆಯನ್ನು ಪ್ರಿನ್ಸಿಪಾಲ್ ಕೈಗೇ ವಾಪಸ್ ಕೊಟ್ಟು ಗಾಡಿ ಸ್ಟಾರ್ಟ್ ಮಾಡಿದ.