ಕಣ್ಣಿನ ಪರೀಕ್ಷೆಗೆ ಬಾಯಿಪಾಠ

ನಲವತ್ತಕ್ಕೆ ಕಾಲಿಟ್ಟ ಮೇಲೆ ನಾನು ಗದಗಿನ ಕಾಲೇಜೊಂದರಲ್ಲಿ ಬಿ.ಎ.ಗೆ ಹೆಸರು ಹಚ್ಚಿದೆ. ತರಗತಿ ಭಾನುವಾರ ಮಾತ್ರ. ಉಳಿದ ದಿನ ಬೆಳ್ಳಟ್ಟಿಯ ಹೊಲ, ಮನೆ, ಎಮ್ಮೆ ಎಲ್ಲ ಇದ್ದದ್ದೇ. ವರ್ಷದ ಫೀಸು ಒಂದು ಒಳ್ಳೆಯ ಇಳಕಲ್ ಸೀರೆಗಿಂತ ಕಡಿಮೆ, ಹಾಗಾಗಿ ಮನೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಗುರುತಿನ ಚೀಟಿ ಕೈಗೆ ಬಂದ ದಿನ ಶಿರಹಟ್ಟಿಯಲ್ಲಿ ಬಸ್ಸು ಬದಲಿಸುವತನಕ ಅದನ್ನೇ ನೋಡುತ್ತ ಕೂತಿದ್ದೆ. ಅದನ್ನು ತೋರಿಸಿದರೆ ಗ್ರಂಥಾಲಯದಿಂದ ಮನೆಗೆ ಮೂರು ಪುಸ್ತಕ, ಕಂಪ್ಯೂಟರ್ ಕೋಣೆಯಲ್ಲಿ ಒಂದು ತಾಸು, ಕ್ಯಾಂಟೀನಿನಲ್ಲಿ ಅರ್ಧ ದರಕ್ಕೆ ಮಂಡಕ್ಕಿ ಒಗ್ಗರಣೆ, ಮಿರ್ಚಿ!

ಇಷ್ಟೆಲ್ಲ ಸಿಕ್ಕರೂ ಪಾಠ ಮಾತ್ರ ತಲೆಗೆ ಹತ್ತಲಿಲ್ಲ. ನನ್ನ ಮಕ್ಕಳ ವಯಸ್ಸಿನವರ ಮುಂದೆ ಕೂರಲು ನಾಚಿಕೆಯಾಗಿ ಮೊದಲ ದಿನವೇ ಕೊನೆಯ ಬೆಂಚು ಹಿಡಿದಿದ್ದೆ. ಬೋರ್ಡಿನ ಮೇಲೆ ಬರೆದದ್ದು ಇರುವೆ ಸಾಲಿನಂತೆ ಕಾಣುತ್ತಿತ್ತು. ದೂರದ್ದು ಎಲ್ಲರಿಗೂ ಹಾಗೇ ಮಬ್ಬಾಗಿ ಕಾಣುತ್ತದೆ, ಜಾಣರು ಊಹಿಸಿ ಓದುತ್ತಾರೆ ಎಂದುಕೊಂಡಿದ್ದೆ. ಕಣ್ಣಿನ ಮೇಲೆ ಅನುಮಾನ ಬರುವುದಾದರೂ ಹೇಗೆ? ಓಣಿಯ ಮುದುಕಿಯರಿಗೆಲ್ಲ ಸೂಜಿಗೆ ದಾರ ಪೋಣಿಸಿ ಕೊಡುವವಳು ನಾನು. ಬುದ್ಧಿಗೇ ತುಕ್ಕು ಹಿಡಿದಿದೆ ಎಂದು ತೀರ್ಮಾನ ಮಾಡಿ ಗಂಡನಿಗೆ ಹೇಳಿದೆ: "ನಾ ಇನ್ನ ಹೋಗೂದಿಲ್ಲ. ನನ್ನಂಥಾ ದಡ್ಡಿಗೆ ಆಗೂ ಕೆಲಸ ಅಲ್ಲ ಇದು."

"ಇದೊಂದ ವಾರ ಹೋಗಿ ಬಾ, ಆಮ್ಯಾಲೆ ಬಿಟ್ಟರಾತು" ಎಂದರು ಅವರು.

ಆ ಭಾನುವಾರ ವಿದ್ಯಾರ್ಥಿಗಳಿಗೆ ಪುಕ್ಕಟೆ ಕಣ್ಣಿನ ತಪಾಸಣೆ ಇತ್ತು. ಗುರುತಿನ ಚೀಟಿ ಇದ್ದವರೆಲ್ಲ ಸಾಲಿನಲ್ಲಿ ನಿಲ್ಲಬೇಕಂತೆ. ಇಲ್ಲಿಯೂ ನಪಾಸಾದರೆ ಮರ್ಯಾದೆ ಏನುಳಿಯಿತು? ಮುಂದಿದ್ದ ಹುಡುಗಿಯರು ಗೋಡೆಗೆ ತೂಗುಹಾಕಿದ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಐದಾರು ಮಂದಿ ಮುಗಿಸುವಷ್ಟರಲ್ಲಿ ನನಗೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿನತನಕ ಬಾಯಿಪಾಠವಾಯಿತು. ಎಷ್ಟು ಜಲ್ದಿ ಕಲಿತೆನಲ್ಲ ಎಂದು ಒಳಗೊಳಗೇ ಹೆಮ್ಮೆ ಬೇರೆ.

ನನ್ನ ಸರದಿ ಬಂದಾಗ ಒಂದು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಗಡಗಡ ಒಪ್ಪಿಸಿದೆ. ಡಾಕ್ಟರು ನನಗಿಂತ ಚಿಕ್ಕ ಹೆಣ್ಣುಮಗಳು. ಅನುಮಾನ ಬಂದಿರಬೇಕು, ಕೋಲಿನ ತುದಿಯನ್ನು ಒಂದು ಸಾಲಿನ ನಡುವೆ ಇಟ್ಟು "ಇದೊಂದ ಅಕ್ಷರ ಹೇಳ್ರಿ" ಎಂದರು. ಕೋಲು ಕಂಡಿತು, ಅಕ್ಷರ ಕಾಣಲಿಲ್ಲ. ನಾನು ಮತ್ತೆ ಮೇಲಿನ ಸಾಲಿನಿಂದ ಶುರು ಮಾಡಿದೆ. ಹಿಂದೆ ನಿಂತವರೆಲ್ಲ ನಕ್ಕರು.

"ಅಕ್ಕಾರ, ಇದು ಪಾಸು-ನಪಾಸಿನ ಪರೀಕ್ಷಾ ಅಲ್ರಿ. ಕಾಣಲಿಲ್ಲ ಅಂದ್ರ ಕಾಣಲಿಲ್ಲ ಅಂತ ಹೇಳ್ರಿ."

"ಎಲ್ಲಾರಿಗೂ ಇಷ್ಟ ಕಾಣತೈತಿ, ಹೌದಲ್ರಿ?"

ಅವರು ನಗಲಿಲ್ಲ. ಭಾರವಾದ ಚೌಕಟ್ಟೊಂದನ್ನು ನನ್ನ ಮೂಗಿನ ಮೇಲೆ ಕೂರಿಸಿ, ಗಾಜು ಬದಲಿಸುತ್ತ ಹೋದರು. ನಾಲ್ಕನೆಯ ಗಾಜಿಗೆ ಗೋಡೆಯ ಅಕ್ಷರಗಳೆಲ್ಲ ಕಂಡವು, ಬಾಗಿಲಲ್ಲಿ ನಿಂತು ನಗುತ್ತಿದ್ದ ಹುಡುಗಿಯ ಮೂಗುಬೊಟ್ಟೂ ಕಂಡಿತು. ಅಲ್ಲೇ ಕೂತು ಅತ್ತುಬಿಟ್ಟೆ. ನಾನು ದಡ್ಡಿಯಲ್ಲ ಎಂದು ತಿಳಿದ ಸಮಾಧಾನ ಅಷ್ಟಿತ್ತು.

ಹದಿನೈದು ದಿನಕ್ಕೆ ರಿಯಾಯಿತಿಯಲ್ಲಿ ಚಸ್ಮಾ ಬಂತು. ಕಾಲೇಜು ಬಿಡುವ ಮಾತು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ. ಮುಂದಿನ ತರಗತಿಯಲ್ಲಿ ಸರ್ ಬೋರ್ಡಿನ ಮೇಲೊಂದು ಪ್ರಶ್ನೆ ಬರೆದು ನನ್ನನ್ನೇ ಎಬ್ಬಿಸಿದರು. ಪ್ರಶ್ನೆಯನ್ನು ಒಂದಕ್ಷರ ತಡವರಿಸದೆ ಓದಿ ಉತ್ತರ ಹೇಳಿದೆ.

"ತಪ್ಪಾತ್ರಿ" ಎಂದರು ಸರ್. "ಎರಡನೇ ಪಾಠ ಇನ್ನೊಮ್ಮಿ ಓದ್ಕೊಂಡು ಬರ್ರಿ."

ಓದಿದರೆ ಸರಿಹೋಗುವ ತಪ್ಪು. ಅಷ್ಟು ಹಗುರಾಗಿ ನಾನು ಆ ತರಗತಿಯಲ್ಲಿ ಎಂದೂ ಕೂತಿರಲಿಲ್ಲ.